ವಿಷ್ಣುವರ್ಧನನೂ ಜೈನಧರ್ಮವೂ: ಗಾಣದ ಕಥೆಯ ಪರಿಶೀಲನೆ

ರತ್ನತ್ರಯಗಳಲ್ಲಿ ನಡುವಣದಾದ ಸಮ್ಯಗ್ಜ್ಞಾನಕ್ಕೆ ನಮ್ಮ ಆಚಾರ್ಯರು ಸ್ಪಷ್ಟವಾದ ಲಕ್ಷಣವನ್ನು ಹೇಳಿದ್ದಾರೆ. ಸಂಶಯ, ವಿಪರ್ಯಯ, ಅನಧ್ಯವಸಾಯ ಎಂಬ ಮೂರು ದೋಷಗಳಿಂದ ಮುಕ್ತವಾದ ಅರಿವೇ ಸಮ್ಯಗ್ಜ್ಞಾನ. ದೂರದಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂಬ ತೊಳಲಾಟ ಸಂಶಯ. ಹೊಳೆಯುವ ಕಪ್ಪೆಚಿಪ್ಪನ್ನು ಬೆಳ್ಳಿಯೆಂದೇ ನಂಬುವುದು ವಿಪರ್ಯಯ. ದಾರಿ ನಡೆಯುವವನು ಕಾಲಿಗೆ ಏನೋ ತಗುಲಿತೆಂದುಕೊಂಡು, ನಿಂತು ನೋಡದೆ ಮುಂದೆ ಸಾಗುವುದು ಅನಧ್ಯವಸಾಯ. ಈ ಲಕ್ಷಣ ತತ್ತ್ವಜ್ಞಾನಕ್ಕೆ ಮಾತ್ರವಲ್ಲ, ಇತಿಹಾಸಜ್ಞಾನಕ್ಕೂ ಸಲ್ಲತಕ್ಕದ್ದು. ಒಂದು ಸಮಾಜ ತನ್ನ ಹಿಂದಿನದನ್ನು ಅರಿತುಕೊಳ್ಳುವಾಗಲೂ ಇವೇ ಮೂರು ದೋಷಗಳು ಅಡ್ಡ ಬರುತ್ತವೆ. ಕೇಳಿದ ಕಥೆಯನ್ನು ಪರೀಕ್ಷಿಸದೆ ಒಪ್ಪುವುದು ಸುಲಭ. ಆ ಕಥೆ ನಮ್ಮ ದುಃಖವನ್ನೋ ನಮ್ಮ ಹೆಮ್ಮೆಯನ್ನೋ ಹೇಳುವುದಾದರೆ ಇನ್ನೂ ಸುಲಭ.

ಅಂತಹ ಕಥೆಗಳಲ್ಲಿ ಕರ್ನಾಟಕದ ಜೈನರೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿರುವುದು ಹೊಯ್ಸಳ ವಿಷ್ಣುವರ್ಧನನ ಮತಾಂತರದ ಕಥೆ. ಬಸದಿಯ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಅದನ್ನು ಶಾಸನಗಳ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ. ಆ ದೊರೆಯ ನಿಜಸ್ವರೂಪವನ್ನು ತಿಳಿಸುವ ಒಂದು ಮುಖ್ಯ ದಾಖಲೆ ಬಸದಿಯೊಂದರ ಪ್ರತಿಷ್ಠಾ ಮಹೋತ್ಸವಕ್ಕೇ ಸಂಬಂಧಿಸಿದ್ದಾಗಿದೆ.

ಐತಿಹ್ಯದ ಸ್ವರೂಪ

ಕಥೆ ಹೀಗಿದೆ. ಹೊಯ್ಸಳ ದೊರೆ ಬಿಟ್ಟಿದೇವನು ಜೈನನಾಗಿದ್ದನು. ಅವನ ಮಗಳಿಗೆ ಪಿಶಾಚಬಾಧೆ ತಗುಲಿತು. ಜೈನ ಗುರುಗಳಿಂದ ಅದು ಪರಿಹಾರವಾಗಲಿಲ್ಲ. ಚೋಳದೇಶದಿಂದ ಬಂದ ಶ್ರೀ ರಾಮಾನುಜಾಚಾರ್ಯರು ಅದನ್ನು ನಿವಾರಿಸಿದರು. ಬಳಿಕ ಜೈನ ಪಂಡಿತರನ್ನು ವಾದದಲ್ಲಿ ಗೆದ್ದರು. ದೊರೆಯು ಶ್ರೀವೈಷ್ಣವ ದೀಕ್ಷೆಯನ್ನು ಪಡೆದು ವಿಷ್ಣುವರ್ಧನನೆಂಬ ಹೊಸ ಹೆಸರನ್ನು ಧರಿಸಿದನು. ಸೋತರೂ ಮತವನ್ನು ಬಿಡದ ಜೈನರನ್ನು ಗಾಣಕ್ಕೆ ಹಾಕಿ ಅರೆಸಿದನು. ನೂರಾರು ಬಸದಿಗಳನ್ನು ಕೆಡವಿಸಿ, ಅವುಗಳ ಕಲ್ಲನ್ನು ತೊಣ್ಣೂರಿನ ಕೆರೆಯ ಏರಿಗೆ ಬಳಸಿದನು.

ಈ ಕಥೆಯ ಮೂಲ ಶ್ರೀವೈಷ್ಣವ ಗುರುಪರಂಪರೆಯ ಕಥನಗಳು ಮತ್ತು ಸ್ಥಳಪುರಾಣಗಳು. ತಮ್ಮ ಆಚಾರ್ಯರ ಮಹಿಮೆಯನ್ನು ಸಾರುವ ಉದ್ದೇಶದಿಂದ ಭಕ್ತರು ರಚಿಸಿದ ಕಥನಗಳಿವು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಂತಹ ಸ್ಥಳೀಯ ಕಥನವನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟನು. ಅಲ್ಲಿಂದ ಮುಂದೆ ಅದು ಗೆಜೆಟಿಯರುಗಳಿಗೆ, ಅವುಗಳಿಂದ ನಾಟಕ ಕಾದಂಬರಿಗಳಿಗೆ, ಜನರ ಬಾಯಿಮಾತಿಗೆ ಇಳಿದು ಬಂದಿತು. ಒಬ್ಬರು ಗೆಲುವಿನ ಕಥೆಯಾಗಿ ಹೇಳಿದ್ದನ್ನು ಇನ್ನೊಬ್ಬರು ನೋವಿನ ಕಥೆಯಾಗಿ ಸ್ವೀಕರಿಸಿದರು. ಇಬ್ಬರೂ ಒಪ್ಪಿದ ಮೇಲೆ ಅದು ನಿಜವೇ ಇರಬೇಕೆಂದು ಉಳಿದವರೂ ನಂಬಿದರು.

ಇದರಲ್ಲಿ ಅಲ್ಲಗಳೆಯಲಾಗದ ಅಂಶವೂ ಇದೆ. 1108ರ ಸುಮಾರಿಗೆ ಪಟ್ಟವೇರಿದ ಈ ದೊರೆ 1116ರ ಹೊತ್ತಿಗೆ ಚೋಳರಿಂದ ತಲಕಾಡನ್ನು ಗೆದ್ದು 'ತಲಕಾಡುಗೊಂಡ'ನೆನಿಸಿದನು. ತಲಕಾಡಿನಲ್ಲಿ ಕೀರ್ತಿನಾರಾಯಣ ದೇವಾಲಯವನ್ನೂ, 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನೂ ಪ್ರತಿಷ್ಠೆಗೊಳಿಸಿದನು. ವಿಷ್ಣುಭಕ್ತಿ ಅವನಲ್ಲಿ ಬೇರೂರಿದ್ದುದರಲ್ಲಿ ಸಂದೇಹವಿಲ್ಲ. ಪ್ರಶ್ನೆ ಅದಲ್ಲ. ವಿಷ್ಣುಭಕ್ತನಾದ ಮೇಲೆ ಅವನು ಜೈನರನ್ನು ಹಿಂಸಿಸಿದನೇ, ಬಸದಿಗಳನ್ನು ಕೆಡವಿಸಿದನೇ ಎಂಬುದೇ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಹೇಳಬೇಕಾದುದು ಅವನ ಕಾಲದ ಶಾಸನಗಳು.

ಶಾಸನಗಳ ಸಾಕ್ಷ್ಯ

ಬೇಲೂರಿನ ಪ್ರತಿಷ್ಠೆ ನಡೆದುದು 1117ರಲ್ಲಿ. ಹಿಂಸೆ ನಡೆದಿದ್ದಲ್ಲಿ ಅದು ಆ ವರ್ಷದ ಆಸುಪಾಸಿನಲ್ಲಿ ಅಥವಾ ಅನಂತರ ನಡೆದಿರಬೇಕು. ಆದುದರಿಂದ 1117ರಿಂದ ಮುಂದಿನ ಇಪ್ಪತ್ತು ವರ್ಷಗಳ ಜೈನ ಶಾಸನಗಳನ್ನು ಕಾಲಕ್ರಮದಲ್ಲಿ ನೋಡಬೇಕು.

ಮೊದಲನೆಯದಾಗಿ, ತಲಕಾಡನ್ನು ಗೆದ್ದುಕೊಟ್ಟ ಸೇನಾಪತಿ ಯಾರು? ಶುಭಚಂದ್ರ ಸಿದ್ಧಾಂತದೇವರ ಗುಡ್ಡನಾದ ಗಂಗರಾಜ. ಗುಡ್ಡನೆಂದರೆ ಗೃಹಸ್ಥಶಿಷ್ಯ. ಈತನು ಗಂಗವಾಡಿಯ ಬಸದಿಗಳನ್ನೆಲ್ಲ ಹೊಸದುಮಾಡಿಸಿದನೆಂದೂ, ಗಂಗವಾಡಿ ತೊಂಬತ್ತಾರು ಸಾಸಿರವನ್ನು ಕೊಪಣದಂತೆ ಬೆಳಗಿಸಿದನೆಂದೂ ಶಾಸನಗಳು ಕೊಂಡಾಡುತ್ತವೆ. ಶ್ರವಣಬೆಳಗೊಳದಲ್ಲಿ ಗೊಮ್ಮಟಸ್ವಾಮಿಯ ಸುತ್ತಾಲಯವನ್ನು ಕಟ್ಟಿಸಿದವನು ಈತನೇ. ಸ್ವಾಮಿಯ ಪಾದದೆಡೆಯಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇರುವ ಬರಹ ಇದನ್ನು ಇಂದಿಗೂ ಹೇಳುತ್ತಿದೆ. ಚಂದ್ರಗಿರಿಯ ಶಾಸನ ಬಸದಿಯೂ ಕತ್ತಲೆ ಬಸದಿಯೂ ಗಂಗರಾಜನವು. ಕತ್ತಲೆ ಬಸದಿಯನ್ನು ತಾಯಿ ಪೋಚವ್ವೆಗಾಗಿ ಮಾಡಿಸಿದನು. ಎರಡುಕಟ್ಟೆ ಬಸದಿ ಅವನ ಮಡದಿ ಲಕ್ಷ್ಮಿಯದು. ಕಣ್ಣೇಗಾಲದಲ್ಲಿ ಚಾಲುಕ್ಯ ಸೈನ್ಯವನ್ನು ಗೆದ್ದುಬಂದ ಗಂಗರಾಜನಿಗೆ ವಿಷ್ಣುವರ್ಧನನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಪರಮ ಎಂಬ ಗ್ರಾಮವನ್ನು. ಅದನ್ನು ಪಡೆದು 1118ರಲ್ಲಿ ತಾಯಿ ಮತ್ತು ಮಡದಿಯರ ಬಸದಿಗಳಿಗೆ ದತ್ತಿಬಿಟ್ಟನು. ದೊರೆ ಬಸದಿಗಳನ್ನು ಕೆಡವಿಸುತ್ತಿದ್ದನೆಂದು ಐತಿಹ್ಯ ಹೇಳುವ ವರ್ಷಗಳಲ್ಲಿಯೇ ಆ ದೊರೆಯ ಮಹಾಸೇನಾಪತಿ ಬಸದಿಗಳನ್ನು ಕಟ್ಟಿಸುತ್ತಿದ್ದನು. ಅವುಗಳ ವೆಚ್ಚಕ್ಕೆ ದೊರೆಯೇ ಗ್ರಾಮವನ್ನು ಕೊಡುತ್ತಿದ್ದನು.

1117ರಲ್ಲಿ ಇನ್ನೊಬ್ಬ ಜೈನ ದಂಡನಾಯಕ ಪುಣಿಸಮಯ್ಯನು ಇಂದಿನ ಚಾಮರಾಜನಗರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. 1123ರಲ್ಲಿ ಪಟ್ಟದರಸಿ ಶಾಂತಲದೇವಿ ಚಂದ್ರಗಿರಿಯ ಮೇಲೆ ಸವತಿಗಂಧವಾರಣ ಬಸದಿಯನ್ನು ಮಾಡಿಸಿ, ಶಾಂತಿನಾಥಸ್ವಾಮಿಯನ್ನು ಪ್ರತಿಷ್ಠಿಸಿ, ದೊರೆಯ ಅನುಮತಿಯಿಂದ ಮೊಟ್ಟೆನವಿಲೆ ಗ್ರಾಮವನ್ನು ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ಧಾರೆಯೆರೆದಳು. 1125ರಲ್ಲಿ ವಿಷ್ಣುವರ್ಧನನೇ ಶ್ರೀಪಾಲ ತ್ರೈವಿದ್ಯದೇವರಿಗೆ ಶಲ್ಯಗ್ರಾಮವನ್ನು ಬಸದಿಗಳ ಜೀರ್ಣೋದ್ಧಾರಕ್ಕೂ ಋಷಿಗಳ ಆಹಾರದಾನಕ್ಕೂ ಕೊಟ್ಟನು.

1130ರ ಸುಮಾರಿಗೆ ಬರುವ ದಾಖಲೆ ಇನ್ನೂ ಕುತೂಹಲಕರವಾದುದು. ಮೂಡಿಗೆರೆ ತಾಲ್ಲೂಕಿನ ಹಂತೂರಿನ ಶಾಸನವು ವಿಷ್ಣುವರ್ಧನನ ಹಿರಿಯ ಮಗಳು ಹರಿಯಬ್ಬರಸಿಯನ್ನು ಹೆಸರಿಸುತ್ತದೆ. ಗಂಡವಿಮುಕ್ತ ಸಿದ್ಧಾಂತದೇವರ ಶಿಷ್ಯೆಯಾದ ಈಕೆ ಅಲ್ಲಿ ಉನ್ನತವಾದ ಚೈತ್ಯಾಲಯವನ್ನು ಮಾಡಿಸಿದಳು. ದೊರೆಯ ಮಗಳ ನಿಮಿತ್ತವಾಗಿಯೇ ಅರಮನೆ ಜೈನಧರ್ಮವನ್ನು ತ್ಯಜಿಸಿತೆಂದು ಐತಿಹ್ಯ ಹೇಳುತ್ತದೆ. ಶಾಸನದಲ್ಲಿ ಕಾಣುವ ಮಗಳಾದರೋ ಬೇಲೂರಿನ ಪ್ರತಿಷ್ಠೆಯಾಗಿ ಹತ್ತು ವರ್ಷ ಕಳೆದ ಮೇಲೂ ಶ್ರಾವಿಕೆಯಾಗಿ ಬಸದಿಯನ್ನು ಕಟ್ಟಿಸುತ್ತಿದ್ದಾಳೆ.

ದೋರಸಮುದ್ರದ ಪ್ರತಿಷ್ಠೆ

ಈ ಎಲ್ಲ ಸಾಕ್ಷ್ಯಗಳಿಗೆ ಕಲಶಪ್ರಾಯವಾದುದು ಹಳೇಬೀಡಿನ ಬಸ್ತಿಹಳ್ಳಿಯಲ್ಲಿದೆ. ಹೊಯ್ಸಳೇಶ್ವರವನ್ನು ನೋಡಲು ಬರುವ ಸಾವಿರಾರು ಯಾತ್ರಿಕರಲ್ಲಿ ಕೆಲವರು ಮಾತ್ರವೇ ಅಲ್ಲಿಂದ ಅನತಿದೂರದ ಮೂರು ಬಸದಿಗಳ ಆವರಣಕ್ಕೆ ಹೋಗುತ್ತಾರೆ. ಅಲ್ಲಿನ ಪಾರ್ಶ್ವನಾಥ ಬಸದಿ, ಕನ್ನಡಿಯಂತೆ ಮಿರುಗುವ ಅದರ ಕಂಬಗಳು, ಹದಿನಾಲ್ಕು ಅಡಿ ಎತ್ತರದ ಸ್ವಾಮಿಯ ಬಿಂಬ ನೋಡಿದವರ ಮನಸ್ಸಿನಲ್ಲಿ ನಿಲ್ಲುತ್ತವೆ. 1133ರಲ್ಲಿ ಗಂಗರಾಜನು ಕಾಲವಾದ ಮೇಲೆ ಅವನ ಮಗ ಬೊಪ್ಪನು ತಂದೆಯ ಸ್ಮರಣಾರ್ಥವಾಗಿ ಇದನ್ನು ರಾಜಧಾನಿಯಲ್ಲಿಯೇ ಕಟ್ಟಿಸಿದನು. ಗಂಗರಾಜನಿಗೆ 'ದ್ರೋಹಘರಟ್ಟ' ಎಂಬ ಬಿರುದಿದ್ದುದರಿಂದ ಇದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಾಯಿತು.

ಪ್ರತಿಷ್ಠೆ ಮುಗಿದ ಮೇಲೆ ಇಂದ್ರರು ಸ್ವಾಮಿಯ ಗಂಧೋದಕವನ್ನೂ ಸೇಸೆಯನ್ನೂ ತೆಗೆದುಕೊಂಡು ದೊರೆಯಿದ್ದ ಬಂಕಾಪುರಕ್ಕೆ ಹೋದರು. ಆ ಹೊತ್ತಿಗೆ ವಿಷ್ಣುವರ್ಧನನು ತನ್ನ ಮೇಲೆ ಏರಿಬಂದ ಮಸಣನೆಂಬ ವೈರಿಯನ್ನು ಸಂಹರಿಸಿ ಅವನ ನಾಡನ್ನು ವಶಪಡಿಸಿಕೊಂಡಿದ್ದನು. ಅದೇ ಸಮಯಕ್ಕೆ ರಾಣಿ ಲಕ್ಷ್ಮೀದೇವಿಗೆ ಗಂಡುಮಗು ಹುಟ್ಟಿತ್ತು. ಪ್ರಸಾದದೊಡನೆ ಬಂದ ಇಂದ್ರರನ್ನು ಕಂಡು ದೊರೆ ಎದ್ದು, ಕೈಮುಗಿದು, ಗಂಧೋದಕವನ್ನೂ ಸೇಸೆಯನ್ನೂ ಭಕ್ತಿಯಿಂದ ಸ್ವೀಕರಿಸಿದನು. ಈ ಸ್ವಾಮಿಯ ಪ್ರತಿಷ್ಠೆಯ ಪುಣ್ಯದಿಂದಲೇ ತನಗೆ ವಿಜಯವೂ ಪುತ್ರೋತ್ಸವವೂ ಒಟ್ಟಿಗೆ ಲಭಿಸಿದುವೆಂದು ಸಂತೋಷಪಟ್ಟು, ಸ್ವಾಮಿಗೆ ವಿಜಯಪಾರ್ಶ್ವದೇವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಬಸದಿಗೆ ಜಾವಗಲ್ಲು ಗ್ರಾಮವನ್ನು ದತ್ತಿಯಾಗಿ ಕೊಟ್ಟನು. ಬಸದಿಯ ಶಾಸನ ಇದನ್ನೆಲ್ಲ ವಿವರವಾಗಿ ಹೇಳುತ್ತದೆ.

ಜೈನರನ್ನು ಗಾಣಕ್ಕೆ ಹಾಕಿಸಿದನೆಂದು ಹೇಳಲಾಗುವ ದೊರೆ ಇವನೇ. ಬೇಲೂರಿನ ಪ್ರತಿಷ್ಠೆಯಾಗಿ ಹದಿನಾರು ವರ್ಷಗಳಾದ ಮೇಲೆ, ಯುದ್ಧಭೂಮಿಯ ಬಿಡಾರದಲ್ಲಿ, ಜಿನಗಂಧೋದಕಕ್ಕೆ ಎದ್ದು ಕೈಮುಗಿದವನೂ ಇವನೇ. ತನ್ನ ಪಟ್ಟಕ್ಕೆ ಬರಬೇಕಾದ ಮಗನಿಗೂ ತೀರ್ಥಂಕರನ ಬಿಂಬಕ್ಕೂ ಒಂದೇ 'ವಿಜಯ' ಶಬ್ದವನ್ನು ಹಂಚಿದ ಈ ದೊರೆಯನ್ನು ಜೈನದ್ವೇಷಿಯೆಂದು ಹೇಗೆ ಕರೆಯಬಹುದು?

ನಾಲ್ಕು ವರ್ಷಗಳ ಬಳಿಕ, 1137ರಲ್ಲಿ, ಇಮ್ಮಡಿ ದಂಡನಾಯಕ ಬಿಟ್ಟಿಯಣ್ಣನು ಅದೇ ರಾಜಧಾನಿಯಲ್ಲಿ ಇನ್ನೊಂದು ಜಿನಾಲಯವನ್ನು ಕಟ್ಟಿಸಿದನು. ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡ ಇವನನ್ನು ವಿಷ್ಣುವರ್ಧನನು ಮಗನಂತೆ ಸಾಕಿದ್ದನು. ಕೃತಜ್ಞನಾದ ಆ ಶ್ರಾವಕನು ತನ್ನ ಬಸದಿಗೆ ಇಟ್ಟ ಹೆಸರು 'ವಿಷ್ಣುವರ್ಧನ ಜಿನಾಲಯ'.

ಹೆಸರಿನ ವಿಚಾರ

ಮತಾಂತರದಿಂದ ಬಿಟ್ಟಿದೇವನು ವಿಷ್ಣುವರ್ಧನನಾದನೆಂಬ ಮಾತೂ ಪರೀಕ್ಷೆಗೆ ನಿಲ್ಲುವುದಿಲ್ಲ. 'ಬಿಟ್ಟಿ' ಎಂಬುದು 'ವಿಷ್ಣು' ಶಬ್ದದ ತದ್ಭವ. ಹುಟ್ಟಿದಾಗಲೇ ಅವನಿಗೆ ವಿಷ್ಣುವಿನ ಹೆಸರಿತ್ತು. ಸಂಸ್ಕೃತದಲ್ಲಿ ಅದನ್ನು ಹಿಗ್ಗಿಸಿದರೆ ವಿಷ್ಣುವರ್ಧನನಾಗುತ್ತದೆ. ಈ ರೂಪವೂ ಹೊಸದಲ್ಲ. ವೇಂಗಿಯ ಚಾಲುಕ್ಯರಲ್ಲಿ ಶತಮಾನಗಳ ಹಿಂದೆಯೇ ಅನೇಕ ದೊರೆಗಳು ಇದನ್ನು ಧರಿಸಿದ್ದರು. ಮೇಲೆ ಹೇಳಿದ ಬಿಟ್ಟಿಯಣ್ಣ ದಂಡನಾಯಕನನ್ನು ಶಾಸನ ವಿಷ್ಣು ದಂಡಾಧಿಪನೆಂದೂ ಕರೆಯುತ್ತದೆ; ಅವನು ಜೈನನಾಗಿಯೇ ಉಳಿದನು. ಆದುದರಿಂದ ಹೆಸರನ್ನು ಹಿಡಿದು ಮತವನ್ನು ನಿರ್ಣಯಿಸುವುದು ಚಿಪ್ಪನ್ನು ಬೆಳ್ಳಿಯೆನ್ನುವ ವಿಪರ್ಯಯವೇ ಸರಿ.

ಆ ಕಾಲದ ಮನೆತನಗಳ ಧರ್ಮವನ್ನು ಇಂದಿನ ಗೆರೆಗಳಿಂದ ಅಳೆಯಲಾಗದು. ಶಾಂತಲದೇವಿಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಜಿನಭಕ್ತೆಯಾದ ಶಾಂತಲೆಯೇ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನನ್ನು ಪ್ರತಿಷ್ಠೆ ಮಾಡಿಸಿದಳು. ಎರಡು ತಲೆಮಾರಿನ ಬಳಿಕ ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿ ಬ್ರಾಹ್ಮಣ. ಅವನ ಮಡದಿ ಆಚಿಯಕ್ಕ ಶ್ರಾವಿಕೆ. ಶ್ರವಣಬೆಳಗೊಳದ ಅಕ್ಕನ ಬಸದಿ 1181ರಲ್ಲಿ ಆಕೆ ಕಟ್ಟಿಸಿದ್ದು. ಒಂದೇ ಮನೆಯಲ್ಲಿ ಎರಡು ದರ್ಶನಗಳು ಕೂಡಿ ಬಾಳುತ್ತಿದ್ದ ಕಾಲವದು.

ಶಾಸನಗಳ ಮೌನವೆಂಬ ಆಕ್ಷೇಪ

ರಾಜಭಯದಿಂದ ಜೈನರು ತಮ್ಮ ನೋವನ್ನು ಶಾಸನಗಳಲ್ಲಿ ಬರೆಯಿಸಿರಲಾರರು ಎಂಬ ಆಕ್ಷೇಪ ಇಲ್ಲಿ ಏಳಬಹುದು. ಈ ಆಕ್ಷೇಪಕ್ಕೆ ಎರಡು ಸಮಾಧಾನಗಳಿವೆ. ಮೊದಲನೆಯದಾಗಿ, ನಮ್ಮ ಮುಂದಿರುವುದು ಬರಿಯ ಮೌನವಲ್ಲ. ಗ್ರಾಮದತ್ತಿ, ಬಸದಿನಿರ್ಮಾಣ, ಜೀರ್ಣೋದ್ಧಾರಗಳ ನೇರವಾದ ದಾಖಲೆಗಳು. ಭಯಗ್ರಸ್ತವಾದ ಸಮಾಜ ರಾಜಧಾನಿಯ ನಡುವೆ ಎತ್ತರದ ಬಸದಿಗಳನ್ನು ಕಟ್ಟುವುದಿಲ್ಲ.

ಎರಡನೆಯದಾಗಿ, ಹಿಂಸೆ ನಡೆದಲ್ಲಿ ಮಾಡಿದವರೇ ಅದನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಬರೆಯಿಸಿದ ನಿದರ್ಶನವಿದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಏಕಾಂತದ ರಾಮಯ್ಯನ ಚರಿತ್ರೆಯನ್ನು ಹೇಳುತ್ತದೆ. ತನ್ನ ತಲೆಯನ್ನು ಅರಿದು ಶಿವನಿಗರ್ಪಿಸಿ ಮರಳಿ ಪಡೆಯುವೆನೆಂದು ಅವನು ಜೈನರೊಡನೆ ಪಣವೊಡ್ಡಿದನು, ಗೆದ್ದನು, ಜಿನಬಿಂಬವನ್ನು ಭಂಗಿಸಿದನು; ಜೈನರ ದೂರನ್ನು ಕೇಳಿದ ಬಿಜ್ಜಳನು ಕಡೆಗೆ ರಾಮಯ್ಯನಿಗೇ ಜಯಪತ್ರವನ್ನು ಕೊಟ್ಟನು ಎಂಬುದು ಅದರ ಸಾರ. ದೇವಾಲಯದಲ್ಲಿ ಆ ಪ್ರಸಂಗದ ಶಿಲ್ಪಗಳೂ ಇವೆ. ತಲೆ ಮರಳಿ ಬಂದುದನ್ನು ನಂಬುವುದು ಬಿಡುವುದು ಭಕ್ತಿಗೆ ಸೇರಿದ ವಿಷಯ. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಆ ಸೀಮೆಯಲ್ಲಿ ಜೈನರಿಗೆ ನಿಜವಾದ ಕಷ್ಟ ಒದಗಿತ್ತೆಂಬುದಂತೂ ಇದರಿಂದ ತಿಳಿಯುತ್ತದೆ. ಬಸದಿಗಳ ಭಂಗವನ್ನು ಕೀರ್ತಿಯೆಂದು ಎಣಿಸುವವರು ಅದನ್ನು ಮುಚ್ಚಿಡುವುದಿಲ್ಲ. ವಿಷ್ಣುವರ್ಧನನ ವಿಜಯಗಳನ್ನೂ ಬಿರುದುಗಳನ್ನೂ ಬೇಸರವಿಲ್ಲದೆ ಪಟ್ಟಿಮಾಡುವ ಶಾಸನಗಳಲ್ಲಿ ಗಾಣದ ಪ್ರಸ್ತಾಪವೇ ಇಲ್ಲದಿರುವುದು ಇದರಿಂದ ಅರ್ಥವತ್ತಾಗುತ್ತದೆ. ಶಾಸನಗಳಲ್ಲಿ ಅರೆಯುವ ಕಲ್ಲೊಂದು ಕಾಣುವುದಾದರೆ ಅದು ಗಂಗರಾಜನ ಬಿರುದಿನಲ್ಲಿ: ದ್ರೋಹಘರಟ್ಟನೆಂದರೆ ದ್ರೋಹಿಗಳ ಪಾಲಿನ ಬೀಸುವ ಕಲ್ಲು. ಅದನ್ನು ಧರಿಸಿದ್ದವನು ಜೈನ ಸೇನಾಪತಿ. ಅಹಿಂಸಾಧರ್ಮೀಯರು ರಾಜ್ಯರಕ್ಷಣೆಗೆ ಬಾರರೆಂಬ ಇನ್ನೊಂದು ಜನಜನಿತ ಮಾತಿಗೂ ಈ ಬಿರುದೇ ಸಾಕಾದ ಉತ್ತರ.

ನಮ್ಮ ಕಥೆಗಳೂ ಪರೀಕ್ಷೆಗೆ ಹೊರತಲ್ಲ

ಪರರ ಐತಿಹ್ಯವನ್ನು ಒರೆಗೆ ಹಚ್ಚಿ ನಮ್ಮದನ್ನು ಬಿಟ್ಟರೆ ಅದು ಪಕ್ಷಪಾತವಾಗುತ್ತದೆ. ಗಾಣದ ಶಿಕ್ಷೆ ಜೈನ ಕಥೆಗಳಲ್ಲಿಯೂ ಬರುತ್ತದೆ. ಅಕಲಂಕದೇವರು ಕಾಂಚಿಯಲ್ಲಿ ಹಿಮಶೀತಲನ ಸಭೆಯಲ್ಲಿ ಬೌದ್ಧರನ್ನು ವಾದದಲ್ಲಿ ಗೆದ್ದ ಕಥೆಯನ್ನು ಶ್ರಾವಕರು ಬಲ್ಲರು. ಸೋತ ಬೌದ್ಧರನ್ನು ಗಾಣದಲ್ಲಿ ಅರೆಸಲು ರಾಜನು ಸಿದ್ಧನಾದನೆಂದೂ, ಅಕಲಂಕರು ದಯೆಯಿಂದ ಬೇಡಿಕೊಂಡು ಅವರನ್ನು ಸಿಂಹಳಕ್ಕೆ ಕಳುಹಿಸುವಂತೆ ಮಾಡಿದರೆಂದೂ ಆ ಕಥೆಯ ಪಾಠಗಳು ಹೇಳುತ್ತವೆ. ಅಲ್ಲಿ ಬೌದ್ಧರಿಗೆ ಒಡ್ಡಿದ ಗಾಣವೇ ಇಲ್ಲಿ ಜೈನರ ಪಾಲಿಗೆ ಬಂದಿದೆ. ವಾದಸಭೆ, ಪಣ, ಸೋತವರಿಗೆ ಗಾಣ: ಇವು ಮತಗಳ ಗೆಲುವನ್ನು ಹೇಳುವ ಕಥೆಗಾರರು ಒಬ್ಬರಿಂದೊಬ್ಬರು ಪಡೆದ ಸಿದ್ಧ ಅಚ್ಚುಗಳು. ಅಕಲಂಕರ ಪಾಂಡಿತ್ಯಕ್ಕೆ ಅವರ ತರ್ಕಗ್ರಂಥಗಳೇ ಸಾಕ್ಷಿ. ಅದಕ್ಕೆ ಗಾಣದ ಆಸರೆ ಬೇಕಿಲ್ಲ. ಅಂತೆಯೇ ಶ್ರೀ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಜೈನ ಮತವನ್ನು ಖಂಡಿಸಿರುವುದು ನಿಜ. ಅದು ಗ್ರಂಥದೊಳಗಿನ ವಾದ. ಜೈನ ತಾರ್ಕಿಕರೂ ಇತರ ದರ್ಶನಗಳನ್ನು ಹೀಗೆಯೇ ಖಂಡಿಸಿದ್ದಾರೆ. ಗಾಣದ ಕಥೆ ಜೈನರಿಗೆ ಮಾಡುವಷ್ಟೇ ಅನ್ಯಾಯವನ್ನು ಆ ಆಚಾರ್ಯರಿಗೂ ಮಾಡುತ್ತದೆ.

ವಿಷ್ಣುವರ್ಧನನ ಪಾಪದಿಂದ ದೋರಸಮುದ್ರದ ಸೀಮೆಯಲ್ಲಿ ಭೂಮಿ ಬಾಯ್ದೆರೆದು ಊರುಗಳನ್ನು ನುಂಗಿತೆಂದೂ, ಬೆಳಗೊಳದ ಗುರುಗಳು ಮಂತ್ರಬಲದಿಂದ ಅದನ್ನು ಮುಚ್ಚಿದರೆಂದೂ ಜೈನ ಸ್ಥಳಪುರಾಣವೊಂದು ಹೇಳುತ್ತದೆ. ಇದು ಗಾಣದ ಕಥೆಗೆ ಜೈನರು ಕೊಟ್ಟ ಮರುಕಥೆ. ಮೊದಲನೆಯದು ನಡೆಯದಿದ್ದಲ್ಲಿ ಅದರ ಫಲವಾದ ಎರಡನೆಯದಕ್ಕೂ ಆಧಾರವಿಲ್ಲ. ಶಾಸನಗಳನ್ನು ನಂಬಿ ಒಂದನ್ನು ಬಿಟ್ಟ ಮೇಲೆ, ಹೆಮ್ಮೆಯ ಕಾರಣದಿಂದ ಇನ್ನೊಂದನ್ನು ಉಳಿಸಿಕೊಳ್ಳುವುದು ನ್ಯಾಯವಲ್ಲ. ಅನೇಕಾಂತವೆಂದರೆ ಎಲ್ಲ ಕಥೆಗಳೂ ನಿಜವೆಂದು ಅರ್ಥವಲ್ಲ. ವಸ್ತುವನ್ನು ಹಲವು ನಯಗಳಿಂದ ನೋಡಿದ ಮೇಲೂ ಪ್ರಮಾಣಕ್ಕೆ ವಿರುದ್ಧವಾದುದು ವಿರುದ್ಧವೇ.

ಶಾಂತಲೆಯ ಮರಣದ ಕಥೆಯೂ ಇದೇ ಬಗೆಯದು. ಮಕ್ಕಳಿಲ್ಲದ ಕೊರಗಿನಿಂದ ಆಕೆ ಶಿವಗಂಗೆಯ ಬೆಟ್ಟದ ತುದಿಯಿಂದ ಧುಮುಕಿದಳೆಂದು ಜನ ಹೇಳುತ್ತಾರೆ. ಧುಮುಕಿದ ಬಂಡೆಯನ್ನೂ ತೋರಿಸುತ್ತಾರೆ. ಕಾದಂಬರಿಗಳು ಈ ದೃಶ್ಯವನ್ನು ಮನೆಮನೆಗೆ ಮುಟ್ಟಿಸಿವೆ. ಶ್ರವಣಬೆಳಗೊಳದ ಶಾಸನ ಹೇಳುವುದು ಇಷ್ಟೇ: ಶಕ 1053ರ, ಎಂದರೆ 1131ರ, ಚೈತ್ರಮಾಸದಲ್ಲಿ ಶಿವಗಂಗೆಯಲ್ಲಿ ಆಕೆ ಸ್ವರ್ಗಸ್ಥಳಾದಳು. ಮಗಳ ಅಗಲಿಕೆಯನ್ನು ತಾಳಲಾರದ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸನ್ಯಸನವನ್ನು ಸ್ವೀಕರಿಸಿ, ಒಂದು ತಿಂಗಳ ಉಪವಾಸದಿಂದ ಸಮಾಧಿಮರಣವನ್ನು ಪಡೆದಳು. ಬಂಡೆಯ ಮಾತಾಗಲಿ ಧುಮುಕಿದ ಮಾತಾಗಲಿ ಅಲ್ಲಿಲ್ಲ. ಶಾಸನ ಹೇಳದೆ ಬಿಟ್ಟುದನ್ನು ಬೇರೊಂದು ಕಲ್ಪನೆಯಿಂದ ತುಂಬುವುದೂ ಸಲ್ಲದು. ಧರ್ಮನಿಷ್ಠೆಯಾಗಿ ಬಾಳಿದ ರಾಣಿಯೊಬ್ಬಳ ಮೇಲೆ ಆತ್ಮಹತ್ಯೆಯನ್ನು ಆರೋಪಿಸುವ ಮೊದಲು ಸಾಕ್ಷ್ಯವನ್ನು ಕೇಳುವುದು ನಮ್ಮ ಕರ್ತವ್ಯ.

ನಿಜವಾದ ಕಷ್ಟಗಳು ಮತ್ತು ಅವುಗಳ ಪರಿಹಾರ

ಇಷ್ಟು ಹೇಳಿದ ಮಾತ್ರಕ್ಕೆ ಜೈನರು ಎಂದೂ ಕಷ್ಟಪಡಲಿಲ್ಲವೆಂದು ಭಾವಿಸಬಾರದು. ಅಬ್ಬಲೂರಿನ ಸಾಕ್ಷ್ಯ ಮೇಲೆ ಬಂದಿದೆ. 1368ರ ಶ್ರವಣಬೆಳಗೊಳದ ಶಾಸನ ಇನ್ನೊಂದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳ ಜೈನರು ಭಕ್ತರಿಂದ ತಮಗಾಗುತ್ತಿರುವ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನವಿಸಿದರು. ರಾಯನು ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕರೆಯಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಗಳಿಗೂ ಕಲಶಕ್ಕೂ ಜೈನರು ಹಕ್ಕುಳ್ಳವರೆಂದು ಕಟ್ಟುಮಾಡಿದನು. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡುವುದು, ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸುವುದು, ಉಳಿದ ಹಣದಿಂದ ಶಿಥಿಲವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ಸರಿಪಡಿಸುವುದು ಎಂದು ಏರ್ಪಾಡಾಯಿತು. ಈ ಕಾರ್ಯದಲ್ಲಿ ಮುಂದಾಳಾಗಿದ್ದ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಗೆ ಎರಡು ಸಮಯದವರೂ ಕೂಡಿ ಸಂಘನಾಯಕ ಪಟ್ಟವನ್ನು ಕಟ್ಟಿದರು. ಜೈನರ ಪರವಾದ ಈ ತೀರ್ಪನ್ನು ಹೊತ್ತ ಶಾಸನ ರಾಮಾನುಜರ ಸ್ತುತಿಯಿಂದ ಆರಂಭವಾಗುತ್ತದೆ ಎಂಬುದು ಮನನೀಯ.

ಮತ್ತೆ 1638ರಲ್ಲಿ ವಿಷ್ಣುವರ್ಧನನು ಹೆಸರಿಟ್ಟ ಆ ವಿಜಯಪಾರ್ಶ್ವ ಬಸದಿಯೇ ವಿವಾದಕ್ಕೆ ಗುರಿಯಾಯಿತು. ಹುಚ್ಚಪ್ಪದೇವನೆಂಬವನು ಅದರ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಹಾಕಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಬೇಲೂರಿನ ವೆಂಕಟಾದ್ರಿ ನಾಯಕನ ಕಾಲದಲ್ಲಿ ಎರಡು ಕಡೆಯ ಹಿರಿಯರು ಕಲೆತು, ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಅನಂತರ ಜೈನರು ತಮ್ಮ ಪೂಜೆಯನ್ನು ಎಂದಿನಂತೆ ನಡೆಸತಕ್ಕದ್ದೆಂದು ತೀರ್ಮಾನಿಸಿದರು. ಈ ಜೈನಧರ್ಮಕ್ಕೆ ಅಡ್ಡಿ ಮಾಡುವವರು ತಮ್ಮ ಮಹಾಮಹತ್ತಿಗೇ ಹೊರಗೆಂದು ವೀರಶೈವ ಹಿರಿಯರೇ ಬರೆಯಿಸಿದರು. ಆ ಒಪ್ಪಂದದ ಶಾಸನ ಬಸದಿಯಲ್ಲಿಯೇ ಇದೆ. ಜೈನರು ಒಂದಿಷ್ಟು ಬಾಗಬೇಕಾಯಿತು, ಬಸದಿ ಉಳಿಯಿತು. ಗಾಣದ ಕಥೆಯಲ್ಲಿ ಅಳಿವೊಂದೇ ಇದೆ. ಶಾಸನಗಳ ನಿಜವಾದ ಚರಿತ್ರೆಯಲ್ಲಿ ಕಷ್ಟವಿದೆ, ದೂರಿದೆ, ತೀರ್ಪಿದೆ, ರಾಜಿಯಿದೆ, ಅವೆಲ್ಲದರ ಕೊನೆಯಲ್ಲಿ ಉಳಿವಿದೆ.

ಇಂದಿನ ಹೊಣೆ

ಬಿ. 1889ರಲ್ಲಿ ಲೂಯಿ ರೈಸರು ಶ್ರವಣಬೆಳಗೊಳದ 144 ಶಾಸನಗಳನ್ನು ಮೊದಲು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ ಅವು 500 ಆದುವು; 1973ರ ಆವೃತ್ತಿಯಲ್ಲಿ 573 ಆದುವು. ಈ ಕಲ್ಲುಗಳು ಉಳಿಯದೆ ಹೋಗಿದ್ದಲ್ಲಿ ವಿಷ್ಣುವರ್ಧನನು ಜೈನರ ಪಾಲಿಗೆ ಶಾಶ್ವತವಾಗಿ ಗಾಣದ ದೊರೆಯಾಗಿಯೇ ಉಳಿಯುತ್ತಿದ್ದನು. ಗಂಗರಾಜನ ದತ್ತಿ, ಹರಿಯಬ್ಬರಸಿಯ ಚೈತ್ಯಾಲಯ, ಬಂಕಾಪುರದ ಗಂಧೋದಕ ಯಾವುದೂ ತಿಳಿಯುತ್ತಿರಲಿಲ್ಲ. ಕಲ್ಲು ಅಳಿದಲ್ಲಿ ಕಥೆ ಬೆಳೆಯುತ್ತದೆ.

ಆದುದರಿಂದ ಜೀರ್ಣೋದ್ಧಾರದ ಕಾರ್ಯವನ್ನು ಕೈಗೊಂಡವರ ಮೇಲೆ ದೊಡ್ಡ ಹೊಣೆಯಿದೆ. ಹಳೆಯ ಬಸದಿಯನ್ನು ನವೀಕರಿಸುವಾಗ ಬರಹವಿರುವ ಚಪ್ಪಡಿಯನ್ನು ಮಗುಚಿ ನೆಲಕ್ಕೆ ಹಾಸುವುದು, ಅದರ ಮೇಲೆ ಅಮೃತಶಿಲೆಯನ್ನು ಹೊದಿಸುವುದು, ಕಂಬದ ಅಕ್ಷರಗಳನ್ನು ಸುಣ್ಣ ಬಣ್ಣಗಳಿಂದ ತುಂಬುವುದು, ನಿಷಿಧಿಗಲ್ಲನ್ನು ಬಟ್ಟೆ ಒಗೆಯುವ ಕಲ್ಲಾಗಲು ಬಿಡುವುದು ಇವೆಲ್ಲ ಅನಧ್ಯವಸಾಯದ ಫಲಗಳು. ಕೆಲಸ ಆರಂಭಿಸುವ ಮೊದಲು ಪ್ರತಿಯೊಂದು ಬರಹದ ಪಡಿಯಚ್ಚನ್ನೂ ಛಾಯಾಚಿತ್ರವನ್ನೂ ತೆಗೆಸುವುದು, ಬಲ್ಲವರಿಂದ ಓದಿಸುವುದು, ಕಲ್ಲು ಇದ್ದ ಸ್ಥಳವನ್ನು ಗುರುತಿಸಿಡುವುದು ಪೂಜೆಯಷ್ಟೇ ಆವಶ್ಯಕವಾದ ಕಾರ್ಯ. ಆಧಾರವಿಲ್ಲದೆ ಬಸದಿಯ ವಯಸ್ಸನ್ನು ಸಾವಿರಾರು ವರ್ಷಗಳೆಂದು ಹಿಗ್ಗಿಸಿ ಬರೆಯಿಸುವುದರಿಂದ ಅದರ ಮಹಿಮೆ ಹೆಚ್ಚುವುದಿಲ್ಲ. ನಿಜವಾದ ಪ್ರಾಚೀನತೆಗೂ ಸಂದೇಹ ತಗುಲುತ್ತದೆ. ಪ್ರತಿಷ್ಠೆಯ ನೆನಪಿಗೆ ಹೊಸ ಶಿಲಾಲೇಖವನ್ನು ಹಾಕಿಸುವಾಗ ಶಕ, ಸಂವತ್ಸರ, ತಿಥಿ, ಸಾನ್ನಿಧ್ಯ ವಹಿಸಿದ ಆಚಾರ್ಯರು, ದಾನಿಗಳು, ಬಿಂಬವನ್ನು ಕಡೆದ ಶಿಲ್ಪಿ, ಹಳೆಯದರಲ್ಲಿ ಉಳಿಸಿಕೊಂಡದ್ದೇನು, ಹೊಸದಾಗಿ ಸೇರಿಸಿದ್ದೇನು ಎಂಬುದನ್ನು ಇದ್ದುದಿದ್ದಂತೆ ಬರೆಯಿಸಬೇಕು. ಬೊಪ್ಪನು ಮಾಡಿಸಿದ್ದು ಅದನ್ನೇ. ಒಂಬೈನೂರು ವರ್ಷಗಳಾಗುತ್ತ ಬಂದರೂ ಅವನ ಮಾತು ಸಾಕ್ಷಿಯಾಗಿ ನಿಂತಿದೆ.

'ಶಾಸನ'ವೆಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳಿವೆ. ಜಿನನ ಉಪದೇಶವೂ ಶಾಸನವೇ; ಕಲ್ಲಿನ ಬರಹವೂ ಶಾಸನವೇ. ಮೊದಲನೆಯದನ್ನು ಪೂಜಿಸುವವರು ಎರಡನೆಯದನ್ನು ಕಡೆಗಣಿಸಬಾರದು. ಹೊಸ ಬಸದಿಯಲ್ಲಿ ಬಿಂಬಪ್ರತಿಷ್ಠೆಯಾಗುವ ಈ ಶುಭಮುಹೂರ್ತದಲ್ಲಿ ಸತ್ಯದ ಪ್ರತಿಷ್ಠೆಯೂ ಕೂಡಿಬರಲಿ. ವಿಷ್ಣುವರ್ಧನನ ಬಿಡಾರಕ್ಕೆ ಅಂದು ಹೋದ ಗಂಧೋದಕದಂತೆ, ಈ ಪ್ರತಿಷ್ಠೆಯ ಮಂಗಲವೂ ಮತಭೇದವಿಲ್ಲದೆ ಎಲ್ಲರ ಮನೆಗಳನ್ನು ಮುಟ್ಟಲಿ.